ಸಿಪಾಯಿ ಚೂರಿಗೊಂದು ತೂತು

ಆಫೀಸಿನ ವಸ್ತುವನ್ನು ಮನೆಗೆ ಒಯ್ಯಬಾರದು ಎಂದು ನಿಯಮ ಮಾಡಿದ ಪುಣ್ಯಾತ್ಮ ಯಾರೋ ಅತ್ತೆಯ ಜೊತೆ ಬಾಳಿದವನೇ ಇರಬೇಕು. ಸೌಟಪ್ಪ ಆ ನಿಯಮವನ್ನು ಒಂದೇ ಒಂದು ರಾತ್ರಿಯ ಮಟ್ಟಿಗೆ ಮುರಿದ. ಮಾಡಿದ್ದುಣ್ಣೋ ಮಹರಾಯ ಎಂಬಂತೆ ಬೆಳಗಾಗುವಷ್ಟರಲ್ಲಿ ಉಣ್ಣಲು ಕೂತ.

ಸೌಟಪ್ಪ ಎಂಬುದು ಅವನ ಹೆಸರಲ್ಲ. ಸೈನ್ಯದ ಸಾಮಾನುಗಳಿಗೆ ನಕ್ಷೆ ಬರೆಯುವ ಕಚೇರಿಯಲ್ಲಿ ಅವನು ಇಷ್ಟು ವರ್ಷವೂ ಅಡುಗೆ ಸಾಮಾನಿನ ವಿಭಾಗದಲ್ಲೇ ಇದ್ದ. ದಂಡಿಗೆ ಬಡಿಸುವ ಸೌಟು, ತಟ್ಟೆ, ಲೋಟ, ಇವೇ ಅವನ ಸೃಷ್ಟಿ. ಆಯುಧ ವಿಭಾಗದವರು ಎದುರಾದಾಗಲೆಲ್ಲ ಶತ್ರುಗಳಿಗೆ ಊಟ ಬಡಿಸಿ ಆಯಿತೇ ಎಂದು ಕೇಳುತ್ತಿದ್ದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಮನೆಯಲ್ಲಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ತಮ್ಮ ದೊಡ್ಡ ಅಳಿಯ ಸೇತುವೆ ಕಟ್ಟುತ್ತಾನೆ, ಚಿಕ್ಕ ಅಳಿಯ ಸೌಟು ಬಗ್ಗಿಸುತ್ತಾನೆ ಎಂದು ಬಂದವರಿಗೆಲ್ಲ ಹೇಳುವುದು ಮಾತ್ರ ಅವನಿಗೆ ನುಂಗಲಾರದ ತುತ್ತಾಗಿತ್ತು.

ಅಂಥವನಿಗೂ ಕಾಲ ಕೂಡಿಬಂತು. ಸಿಪಾಯಿಗಳಿಗೆ ಕೊಡುವ ಕಾಳಗದ ಚೂರಿ ಹಳೆಯದಾಯಿತೆಂದು ಎಲ್ಲ ವಿಭಾಗಗಳಿಂದಲೂ ಹೊಸ ನಕ್ಷೆ ಕೇಳಿದರು. ಇವನೂ ಒಂದು ಬರೆದುಕೊಟ್ಟ. ಅದೇ ಆಯ್ಕೆಯಾಗಿ ಮಾದರಿ ಚೂರಿಯೂ ತಯಾರಾಯಿತು. ಎರಡೂ ಕಡೆ ಹರಿತವಾದ ಅಲಗು, ಸೂಜಿಯಂಥ ಮೊನೆ, ಕೈ ಮುಂದಕ್ಕೆ ಜಾರದಂತೆ ಹಿಡಿಯ ಮೇಲೊಂದು ಅಡ್ಡಪಟ್ಟಿ. ಕತ್ತಲಲ್ಲಿ ಹೊಳೆದು ಸಿಪಾಯಿಯನ್ನು ಹಿಡಿದುಕೊಡಬಾರದೆಂದು ಅಲಗಿನ ತುಂಬ ಕಪ್ಪು ಲೇಪ. ಆ ಕಪ್ಪಿಗಾಗಿಯೇ ಅವನು ತಿಂಗಳುಗಟ್ಟಲೆ ಒದ್ದಾಡಿದ್ದ. ಮಾದರಿ ಕೈಗೆ ಬಂದ ಮರುದಿನ ಜನರಲ್ ಸಾಹೇಬರೇ ಬಂದು ಚೂರಿ ನೋಡುವವರಿದ್ದರು. ಒಪ್ಪಿದರೆ ಆಯುಧ ವಿಭಾಗದಲ್ಲಿ ಖಾಲಿಯಿದ್ದ ಕುರ್ಚಿ ಅವನದು. ಒಪ್ಪದಿದ್ದರೆ ಮತ್ತೆ ಸೌಟು.

ಜನರಲ್‌ಗಿಂತ ಮೊದಲು ಅತ್ತೆ ನೋಡಲಿ ಎಂಬ ಆಸೆಯಿಂದ ಚೂರಿಯನ್ನು ಮನೆಗೆ ತಂದ. ಅತ್ತೆ ಆಗಲೇ ಮಲಗಿದ್ದರು. ಎದ್ದ ಕೂಡಲೇ ಕಣ್ಣಿಗೆ ಬೀಳಲಿ ಎಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತಾನೂ ಮಲಗಿದ.

ಕಣ್ಣಿಗೇನೋ ಬಿತ್ತು. ಬೆಳಗ್ಗೆ ಅವನು ಸ್ನಾನ ಮುಗಿಸಿ ಬಂದಾಗ ಕಟ್ಟೆಯ ಮೇಲೆ ಹೊಸ ತಟ್ಟೆಯಂತೆ ಫಳಫಳ ಹೊಳೆಯುವ ಚೂರಿಯೊಂದು ಬಿದ್ದಿತ್ತು. ಅದರಲ್ಲಿ ತನ್ನ ಮುಖ ಕಂಡಾಗಲೇ ಅವನಿಗೆ ಸಂಗತಿ ತಿಳಿದದ್ದು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

“ಎಷ್ಟು ಮಸಿ ಹಿಡಿದಿತ್ತಪ್ಪ ಅದಕ್ಕೆ. ಬೂದಿ ಹಾಕಿ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದೋಯ್ತು. ಅಂತೂ ಈ ಸಲ ಆಫೀಸಿಂದ ಉಪಯೋಗಕ್ಕೆ ಬರೋ ಸಾಮಾನು ತಂದ್ರಿ.”

ಸೌಟಪ್ಪನಿಗೆ ಬಂದ ಸಿಟ್ಟಿಗೆ ಮನೆ ಹಾರಿಹೋಗಬೇಕಿತ್ತು. ಆದರೆ ಬಡವನ ಕೋಪ ದವಡೆಗೆ ಮೂಲ. ಅವನು ದವಡೆ ಕಚ್ಚಿಕೊಂಡು ಹೆಂಡತಿಯ ಕಡೆ ನೋಡಿದ. ಅವಳು ಅಮ್ಮನನ್ನೂ ಬಿಟ್ಟುಕೊಡದೆ ಗಂಡನನ್ನೂ ಬಿಟ್ಟುಕೊಡದೆ, ಪಕ್ಕದ ಅಂಗಡಿಯ ಬೀಗದ ಮಾಮನ ಹತ್ತಿರ ಒಯ್ದರೆ ಮತ್ತೆ ಕಪ್ಪು ಮಾಡಿಕೊಡುತ್ತಾರೆ ಎಂದಳು.

ಬೀಗದ ಮಾಮ ಬೀಗ ರಿಪೇರಿ ಮಾಡುವವನು. ಒಳ್ಳೆಯ ಮನುಷ್ಯ. ಆದರೆ ಕೈಗೆ ಸಿಕ್ಕ ಯಾವ ವಸ್ತುವನ್ನೂ ಇದ್ದ ಹಾಗೆ ಬಿಡುವವನಲ್ಲ. ಟವೆಲಿನಲ್ಲೇ ಓಡಿಬಂದ ಸೌಟಪ್ಪನಿಗೆ ಅವನು ಧೈರ್ಯ ಹೇಳಿದ. ಕಾಯಿಸಿ ಎಣ್ಣೆಗೆ ಅದ್ದಿದರೆ ಮುಗಿಯಿತು, ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ಕಾಗೆಯ ಬಣ್ಣ ಬಂದಿರುತ್ತದೆ ಎಂದ. ಸೌಟಪ್ಪನಿಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದು ಇನ್ನೂ ಅಂಗಿಯ ಗುಂಡಿ ಹಾಕುತ್ತಿದ್ದಾಗ ಆಫೀಸಿನಿಂದ ಫೋನು ಬಂತು. ಜನರಲ್ ಸಾಹೇಬರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂತಿದ್ದಾರೆ, ಕಾಯಿಸಿದರೆ ಎಲ್ಲರ ಗ್ರಹಚಾರ ಕೆಡುತ್ತದೆ ಎಂದು ಮೇಲಧಿಕಾರಿ ಕೂಗಾಡಿದರು. ಅವನು ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಅಂಗಡಿಗೆ ಓಡಿದ.

ಅಂಗಡಿಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸಾಣೆಯ ಚಕ್ರ ಆಗತಾನೇ ತಿರುಗಿ ನಿಲ್ಲುತ್ತಿತ್ತು. ಬೀಗದ ಮಾಮ ಚೂರಿಯನ್ನು ಬಟ್ಟೆಯಲ್ಲಿ ಒರೆಸಿ, ಹೆಣ್ಣು ಒಪ್ಪಿಸುವವನ ಸಂಭ್ರಮದಲ್ಲಿ ಅವನ ಕೈಗಿತ್ತ. ಒಲೆ ಹಚ್ಚಬೇಕು ಅನ್ನುವಷ್ಟರಲ್ಲಿ ಅಮ್ಮನವರು ಬಂದರಂತೆ. ಹಿರಿಯರ ಮಾತು ಮೀರಲಿಕ್ಕಾಗಲಿಲ್ಲವಂತೆ. ಮಕ್ಕಳಿರುವ ಮನೆಯಲ್ಲಿ ಅಷ್ಟು ಚೂಪು ಕೂಡದೆಂದು ಮೊನೆಯನ್ನು ದುಂಡಗೆ ಮಾಡಿದ್ದ. ಎರಡೂ ಕಡೆ ಹರಿತವಿದ್ದರೆ ಒತ್ತುವ ಬೆರಳು ಎಲ್ಲಿಡಬೇಕೆಂದು ಒಂದು ಕಡೆಯ ಅಲಗನ್ನು ಮೊಂಡು ಮಾಡಿದ್ದ. ಹೆಚ್ಚುವಾಗ ಹಲಗೆಗೆ ತಗಲುತ್ತದೆಂದು ಅಡ್ಡಪಟ್ಟಿಯನ್ನು ಕತ್ತರಿಸಿ ಹಾಕಿದ್ದ. ಹಿಡಿಯ ತುದಿಯಲ್ಲಿ ಒಂದು ತೂತು ಬೇರೆ ಇತ್ತು.

“ಇದೇನು ತೂತು?” ಎಂದ ಸೌಟಪ್ಪ.

“ಮೊಳೆಗೆ ನೇತುಹಾಕೋಕೆ ಬೇಡ್ವಾ?” ಎಂದರು ಅತ್ತೆ.

“ಮಾಮ, ಇದು ಯುದ್ಧದ ಚೂರಿ ಕಣೋ.”

“ಈಗ್ಲೂ ಯುದ್ಧ ಮಾಡ್ಬೋದು ಸ್ವಾಮಿ,” ಎಂದ ಮಾಮ ಸಮಾಧಾನದಿಂದ. “ಯಾರಿಗೂ ಪೆಟ್ಟಾಗಲ್ಲ ಅಷ್ಟೇ.”

ಜಗಳಕ್ಕೂ ಸಮಯವಿರಲಿಲ್ಲ. ಚೂರಿಯನ್ನು ಒರೆಗೆ ತುರುಕಿ ಬಸ್ಸು ಹತ್ತಿದ. ಸುತ್ತಲೂ ಸವೆದು ಸಣ್ಣದಾದ ಚೂರಿ ದಾರಿಯುದ್ದಕ್ಕೂ ಒರೆಯೊಳಗೆ ಲೊಟಲೊಟ ಎಂದಿತು. ಎರಡು ಸಲ ಬಸ್ಸಿನಿಂದಿಳಿದು ಎತ್ತಲಾದರೂ ಓಡಿಹೋಗೋಣ ಅನ್ನಿಸಿತು ಅವನಿಗೆ. ಆದರೆ ಓಡಿಹೋದರೂ ರಾತ್ರಿ ಊಟಕ್ಕೆ ಅದೇ ಮನೆಗೆ ಬರಬೇಕಲ್ಲ.

ಕಚೇರಿಯ ದೊಡ್ಡ ಮೇಜಿನ ಹಿಂದೆ ಜನರಲ್ ಸಾಹೇಬರು, ಗೋಡೆಯ ಮೇಲೆ ಸೌಟಪ್ಪನ ನಕ್ಷೆ, ಗೋಡೆಗೊರಗಿ ಆಯುಧ ವಿಭಾಗದವರ ಸಾಲು. ಜನರಲ್ ಒರೆಯಿಂದ ಚೂರಿಯನ್ನು ಎಳೆದರು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಎಲ್ಲರ ಕಣ್ಣು ಕುಕ್ಕಿತು. ಹಿಂದಿನಿಂದ ಯಾರೋ ಈರುಳ್ಳಿ ತರಿಸಲೇ ಎಂದು ಪಿಸುಗುಟ್ಟಿದರು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತು ಸೌಟಪ್ಪನಿಗೆ ನೆನಪಾಯಿತೋ, ಇಲ್ಲ ಭಯಕ್ಕೇ ಬಾಯಿ ತೆರೆದುಕೊಂಡಿತೋ, ಅವನು ಮಾತಾಡತೊಡಗಿದ. ಹೊಳಪಿನ ಅಲಗಿನಿಂದ ಸಿಪಾಯಿ ದೂರದವರಿಗೆ ಬಿಸಿಲು ಹೊಡೆದು ಸನ್ನೆ ಮಾಡಬಹುದು, ಗಡ್ಡ ಹೆರೆಯಲು ಕನ್ನಡಿಯೂ ಆಯಿತು ಎಂದ. ದುಂಡು ತುದಿ ಮುರಿಯುವುದಿಲ್ಲ, ಮೊಂಡು ಬೆನ್ನಿನ ಮೇಲೆ ಬೆರಳಿಟ್ಟು ಒತ್ತಬಹುದು ಎಂದ. ಅಡ್ಡಪಟ್ಟಿ ಬರೀ ಭಾರ, ಇನ್ನು ತೂತಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡರೆ ಹೊಳೆ ದಾಟುವಾಗಲೂ ಚೂರಿ ಹೋಗುವುದಿಲ್ಲ ಎಂದ. ಹೇಳುತ್ತ ಹೇಳುತ್ತ ಅವನಿಗೇ ಅದೆಲ್ಲ ನಿಜವೆನ್ನಿಸಿತು.

ಜನರಲ್ ಬಾಗಿಲಲ್ಲಿ ನಿಂತಿದ್ದ ಸಿಪಾಯಿಯನ್ನು ಕರೆದು ಚೂರಿ ಕೊಟ್ಟರು. ಅವನು ಹಗ್ಗ ಕತ್ತರಿಸಿದ, ತಗಡಿನ ಡಬ್ಬಿ ಬಿಚ್ಚಿದ, ಮರದ ಪೆಟ್ಟಿಗೆಯ ಮುಚ್ಚಳ ಮೀಟಿದ. ಚೂರಿಗೂ ಏನೂ ಆಗಲಿಲ್ಲ, ಸಿಪಾಯಿಗೂ ಏನೂ ಆಗಲಿಲ್ಲ.

“ಹಳೇ ಚೂರಿ ಇಷ್ಟು ವರ್ಷದಲ್ಲಿ ಶತ್ರುವಿನ ರಕ್ತ ನೋಡಿಲ್ಲ,” ಎಂದರು ಜನರಲ್. “ನೋಡಿದ್ದೆಲ್ಲ ನಮ್ಮ ಹುಡುಗರ ಹೆಬ್ಬೆರಳಿನ ರಕ್ತ. ಡಬ್ಬಿ ತೆಗೆಯೋಕೆ ಹೋಗಿ ಮೊನೆ ಮುರೀತಿದ್ರು. ಇದು ಚೂರಿ ಅಂದ್ರೆ.”

ಸೌಟಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಯುಧ ವಿಭಾಗದವರು ಇಂಗು ತಿಂದ ಮಂಗನಂತೆ ನಿಂತಿದ್ದರು. ಖಾಲಿ ಕುರ್ಚಿ ಅಲ್ಲೇ ಮೂಲೆಯಲ್ಲಿತ್ತು, ಅವನು ಅದನ್ನು ಕಣ್ತುಂಬ ನೋಡಿದ. ಅಷ್ಟರಲ್ಲಿ ಜನರಲ್ ದೃಷ್ಟಿ ಗೋಡೆಯ ನಕ್ಷೆಯ ಕಡೆ ಹೊರಳಿತು. ನಕ್ಷೆಯಲ್ಲಿರುವುದೇ ಬೇರೆ, ಕೈಯಲ್ಲಿರುವುದೇ ಬೇರೆಯಲ್ಲವೇ ಎಂದು ಕೇಳಿದರು.

ಸೌಟಪ್ಪ ಗೆದ್ದ ಉಮೇದಿನಲ್ಲಿದ್ದ. ನಕ್ಷೆ ಮುಗಿದ ಮೇಲೆ ತಜ್ಞರೊಬ್ಬರಿಗೆ ತೋರಿಸಿದೆ, ನಲವತ್ತು ವರ್ಷ ದಿನಕ್ಕೆರಡು ಹೊತ್ತು ಅಲಗು ಹಿಡಿದ ಕೈ ಅದು, ಅವರು ಹೇಳಿದಂತೆ ತಿದ್ದಿದ್ದಾಯಿತು ಎಂದುಬಿಟ್ಟ. ಒಂದು ಸುಳ್ಳೂ ಇಲ್ಲದ ಮಾತು. ತನ್ನ ಜಾಣತನಕ್ಕೆ ತಾನೇ ಬೆರಗಾದ.

“ಹಾಗಾದ್ರೆ ನೀವು ಬರೆದದ್ರಲ್ಲಿ ಇಲ್ಲಿ ಉಳಿದಿರೋದು ಯಾವುದು?”

ಸೌಟಪ್ಪ ಚೂರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಹಿಡಿ, ಸಾರ್.”

“ಅದಕ್ಕೂ ತೂತು ಕೊರೆಸಿದ್ದಾರಲ್ರೀ,” ಎಂದರು ಜನರಲ್. ಸೌಟಪ್ಪನ ಪ್ರಾಮಾಣಿಕತೆಯನ್ನು ಮೆಚ್ಚಿ ಬೆನ್ನು ತಟ್ಟಿದರು. ಆದರೆ ಕುರ್ಚಿ ಸಲ್ಲಬೇಕಾದದ್ದು ಆ ತಜ್ಞರಿಗೇ, ಇಂಥವರು ಹೊರಗಿದ್ದು ನಾವು ಒಳಗೆ ಕೂತು ಗೆರೆ ಎಳೆಯುವುದು ನಾಚಿಕೆಗೇಡು ಎಂದರು. ಅವರು ಯಾವ ರೆಜಿಮೆಂಟಿನವರು ಎಂದು ಕೇಳಿದರು.

“ನಮ್ಮ ಮನೇಲೇ ಇದ್ದಾರೆ, ಸಾರ್. ನಮ್ಮ ಅತ್ತೆ.”

ಜನರಲ್ ಚೂರಿಯನ್ನು ಮೆಲ್ಲಗೆ ಒರೆಗೆ ಸೇರಿಸಿದರು. ಅವರ ಮನೆಯಲ್ಲೂ ಒಬ್ಬ ಅತ್ತೆ ಇದ್ದಿರಬೇಕು. ಕೊನೆಗೆ, ನಾಳೆಯಿಂದ ಅಮ್ಮನವರಿಗೆ ಜೀಪು ಕಳಿಸಿ ಎಂದು ಅಪ್ಪಣೆ ಮಾಡಿ ಎದ್ದರು.

ಅತ್ತೆ ಖಂಡಿತ ಒಪ್ಪುವುದಿಲ್ಲ, ಈ ವಯಸ್ಸಿನಲ್ಲಿ ಯಾರಿಗೆ ಬೇಕು ನೌಕರಿ ಎಂದು ಅಂದುಕೊಳ್ಳುತ್ತಲೇ ಸೌಟಪ್ಪ ಸಂಜೆ ಮನೆ ಸೇರಿದ. ವಿಷಯ ಹೇಳಿದ. ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅತ್ತೆ ಮಾತ್ರ ಮೊದಲೇ ಗೊತ್ತಿದ್ದವರಂತೆ ತಲೆಯಾಡಿಸಿ, ಮನೆಯಲ್ಲಿ ಕೂತು ಬೇಸರವೂ ಆಗಿತ್ತು, ಆಗಲಿ ಎಂದರು. ಜೀಪು ಎಷ್ಟು ಹೊತ್ತಿಗೆ ಬರುತ್ತದೆ ಎಂದು ವಿಚಾರಿಸಿಕೊಂಡರು. ಏಳುತ್ತ ಏಳುತ್ತ ಏನೋ ನೆನಪಾಗಿ ನಿಂತರು.

“ಅಂದಹಾಗೆ, ನಿಮ್ಮ ಸೌಟಿನ ವಿಭಾಗ ಯಾರ ಕೈ ಕೆಳಗೆ ಬರುತ್ತೆ?”

ಸೌಟಪ್ಪ ನೆಲ ನೋಡಿದ.

“ಆಯುಧ ವಿಭಾಗದ ಕೈ ಕೆಳಗೆ, ಅತ್ತೆ.”