ಬಚ್ಚಲ ಒಲೆಗೆ ಹೋದ ತೊಟ್ಟಿಲು

ಕಣ್ಣು ಮುಚ್ಚಿ ಬಟ್ಟೆ ಮುಟ್ಟಿದರೂ ಸಾಕು, ಇದು ಹತ್ತಿ, ಇದು ಟೆರಿಕಾಟ್, ಇದು ಹತ್ತಿಯೆಂದು ಹೇಳಿ ಯಾರೋ ನಿಮಗೆ ಟೋಪಿ ಹಾಕಿದ ಪಾಲಿಯೆಸ್ಟರ್ ಎಂದು ಹೇಳಬಲ್ಲ ಬೆರಳುಗಳು ನನ್ನವು! ಹಿರೇಕೆರೂರಿನ ಬಸ್‌ಸ್ಟ್ಯಾಂಡಿಗೆ ಬಂದು ‘ಹುಲಗೇಶ ಟೇಲರ್ ಎಲ್ಲಿ?’ ಎಂದು ಕೇಳಿ, ಯಾರು ಬೇಕಾದರೂ ತೋರಿಸುತ್ತಾರೆ. ಇಂಥ ಬೆರಳುಗಳಿಗೆ ಕಟ್ಟಿಗೆಯ ಜಾತಿ ಗುರುತಿಸುವುದು ಯಾವ ಮಹಾ ಕೆಲಸ? ಮಗಳು ವಿದ್ಯಾಶ್ರೀ ಕೂಸಿನೊಂದಿಗೆ ಬಾಣಂತನಕ್ಕೆ ಬಂದ ದಿನವೇ ನಾನು ಅಂಗಳದಲ್ಲಿ ನಿಂತು ಘೋಷಣೆ ಮಾಡಿಬಿಟ್ಟೆ.

“ಇನ್ನ ಮ್ಯಾಲ ಈ ಮನ್ಯಾಗ ಬಚ್ಚಲ ಒಲಿಗೆ ಕಟ್ಟಿಗಿ ಕೊಳ್ಳಂಗಿಲ್ಲ! ಊರ ತುಂಬ ಬಿದ್ದೈತಿ, ಆರಿಸ್ಕೊಂಡು ಬರ್ತೇನಿ. ಯಾವ ಗಿಡದ್ದು, ಎಷ್ಟು ಉರೀತೈತಿ, ಎಲ್ಲಾ ಮುಟ್ಟಿ ಹೇಳ್ತೇನಿ!”

ಹೆಂಡತಿ ಮಲ್ಲಿಕಾ ಹಂಡೆ ಬೆಳಗುತ್ತಿದ್ದವಳು ತಲೆ ಎತ್ತಲಿಲ್ಲ.

“ಬಾಣಂತಿ ನೀರಿಗೆ ಹೊಗಿ ಆಗಲಾರದ ಕಟ್ಟಿಗಿ ಬೇಕ್ರಿ. ಜಾಲಿ ತರ್ರಿ, ಹುಣಸಿ ತರ್ರಿ. ಬನ್ನಿ ಮಾತ್ರ ತರಬ್ಯಾಡ್ರಿ, ಅದನ್ನ ಒಲಿಗೆ ಹಾಕಂಗಿಲ್ಲ.”

“ನನಗ ಹೇಳಾಕ ಬರ್ತಿಯೇನ?”

“ಇಲ್ರಿ, ಹಂಡೇಕ ಹೇಳಾಕತ್ತೇನಿ.”

ಮೊದಲ ದಿನ ಮೊಪೆಡ್ ಮೇಲೆ ಒಂದು ಹೊರೆ ‘ಜಾಲಿ’ ತಂದೆ. ಭಗ್ ಎಂದು ಹತ್ತಿತು. ಭಗ್ ಎಂದೇ ಆರಿತು. ಹಂಡೆಯ ನೀರು ತಣ್ಣಗಿತ್ತು. ಅದು ನುಗ್ಗೆ! ಪಕ್ಕದ ಮನೆಯ ಯಂಕವ್ವ ಗೋಡೆಯ ಮೇಲಿಂದ ಇಣುಕಿ, “ಯಣ್ಣಾ, ಕಾಗದಾನೂ ಹಿಂಗ ಉರಿಯಂಗಿಲ್ಲ ಬಿಡೋ” ಎಂದು ಹೊಗಳಿದಳು. ಕಲಿಯುವಾಗ ಒಂದು ಅಂಗಿ ಕೆಡುತ್ತದೆ, ಅದಕ್ಕೇನು ಎಂದು ನಾನು ಧೃತಿಗೆಡಲಿಲ್ಲ.

ಆ ವಾರ ಮಾಸೂರಿಗೆ, ಮಗಳ ಗಂಡನ ಮನೆಗೆ ಹೋಗಿದ್ದೆ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತುಮಾಡಬೇಕಿತ್ತು. ಬೀಗರಾದ ಉಡಚಪ್ಪನವರು ಹೊಲಕ್ಕೆ ಹೋಗಿದ್ದರು. ಬೀಗತಿ ಶೇಖವ್ವನವರು ರೊಟ್ಟಿ, ಎಣ್ಣೆಗಾಯಿ ಬಡಿಸಿ ಒಂದು ಮಾತು ಹೇಳಿದರು.

“ತೊಟ್ಟಿಲಾ ತವರುಮನಿಯವ್ರು ಕೊಡೋದು ರೂಢಿ, ಖರೆ. ಆದ್ರ ಈ ಸಲ ನಮ್ಮದರಿ. ಮೊಮ್ಮಗಳ ತೊಟ್ಟಿಲಾ ನಾನ ಮಾಡಸ್ತೇನಿ ಅಂತ ಕುಂತಾರ ಅವರು. ನೀವು ಕೊಳ್ಳಾಕ ಹೋಗಬ್ಯಾಡ್ರಿ.”

ಖರ್ಚು ತಪ್ಪಿತು! ಹೊಟ್ಟೆಯೂ ತುಂಬಿತ್ತು, ಮನಸ್ಸೂ ತುಂಬಿತ್ತು. ಮಾಸೂರಿನ ಮದಗದ ಕೆರೆಯ ದಂಡೆಯಲ್ಲಿ ಹಾಡು ಗುನುಗುತ್ತ ಬರುವಾಗ ಕಣ್ಣಿಗೆ ಬಿದ್ದವು ಎರಡು ದಿಮ್ಮಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಕೆಸರಿನಿಂದ ಮೂತಿ ತೋರಿಸುತ್ತಿದ್ದವು. ತೊಡೆ ದಪ್ಪ, ನೆಟ್ಟಗಿನ ದಿಮ್ಮಿಗಳು. ಮೇಲೆ ನಾಲ್ಕಾರು ದೊಡ್ಡ ಕಲ್ಲುಗಳಿದ್ದವು. ಕಲ್ಲುಗಳು ತಾವಾಗಿಯೇ ಉರುಳಿ ಬಂದು, ಕಟ್ಟಿಗೆಯ ಮೇಲೆ ಸಾಲಾಗಿ ಕುಳಿತಿರಬೇಕು ಎಂದುಕೊಂಡೆ. ಬುದ್ಧಿವಂತರ ತಲೆ ಓಡುವುದೇ ಹೀಗೆ ನೋಡಿ! ಟೇಪು ಹಿಡಿದು ಅಳತೆ ನೋಡಿದೆ, ಮೊಪೆಡ್ಡಿಗೆ ಅಡ್ಡಡ್ಡ ಕಟ್ಟಿದೆ, ದಾರಿಯುದ್ದಕ್ಕೂ ಎದುರಿಗೆ ಬಂದವರನ್ನೆಲ್ಲ ಗಟಾರಕ್ಕೆ ಇಳಿಸುತ್ತ ಮನೆ ಸೇರಿದೆ.

ಮಲ್ಲಿಕಾ ಬಗ್ಗಿ ಮೂಸಿ ನೋಡಿದಳು.

“ಬೇವು ಇದ್ದಂಗೈತ್ರಿ.”

“ಬೇವಂತ ಬೇವು! ಇದು ಹೊನ್ನಿ. ಬೆರಳು ಹೇಳ್ತಾವ.”

“ಹೊನ್ನಿ ಕಟ್ಟಿಗೀನ ಕೆರ್ಯಾಗ ಯಾರು ಒಗೀತಾರ್ರಿ?”

“ಶ್ರೀಮಂತರು!”

ಸೀಳಿ, ಬಿಸಿಲಿಗೆ ಹಾಕಿ, ಒಣಗಿಸಿ ಒಲೆಗೆ ಒಟ್ಟಿದೆವು. ಏನು ಉರಿ! ಏನು ನೀರು! ಹೊಗೆ ಸ್ವಲ್ಪ ಗಂಟಲು ಹಿಡಿಯುತ್ತಿತ್ತು ಅನ್ನುವುದು ಬಿಟ್ಟರೆ ಯಾವ ದೂರೂ ಇರಲಿಲ್ಲ. ದಿಮ್ಮಿಗಳು ಬೂದಿಯಾಗಿ ಒಂದೇ ಒಂದು ತುಂಡು ಉಳಿದಿದ್ದ ಹೊತ್ತಿಗೆ ಬೀಗರ ಫೋನು ಬಂತು. ಬಚ್ಚಲಿನಲ್ಲಿ ಮಲ್ಲಿಕಾ ಕೂಸಿಗೆ ಎರೆಯುತ್ತಿದ್ದಳು.

“ಬೀಗರ, ಒಂದು ಕೆಟ್ಟ ಸುದ್ದಿ ಐತ್ರಿ. ಮೊಮ್ಮಗಳ ತೊಟ್ಟಿಲಕ್ಕಂತ ನಮ್ಮ ಹೊಲದಾಗಿನ ಗಿಡಾ ಕಡಿಸಿ ಕೆರ್ಯಾಗ ನೆನಿ ಹಾಕಿದ್ದೆ. ಹುಳಾ ಹತ್ತಬಾರದು, ಬಿರಿಬಾರದು ಅಂತ ಮ್ಯಾಲ ಕಲ್ಲು ಹೇರಿ ಬಂದಿದ್ದೆ. ಯಾವನೋ ಕಳ್ಳ ಹೊತ್ಕೊಂಡು ಹೋಗ್ಯಾನ್ರಿ!”

ಯಾವ ಗಿಡ ಎಂದು ಕೇಳಬೇಕಿತ್ತು.

“ಯಾವ… ಯಾವ ಕೆರಿ?” ಎಂದೆ.

“ಮಾಸೂರಾಗ ಎಷ್ಟು ಕೆರಿ ಅದಾವ್ರಿ, ಬೀಗರ?”

ಬಚ್ಚಲಿನಿಂದ ಬಿಸಿನೀರಿನ ಸದ್ದು, ಕೂಸಿನ ಅಳು ಎರಡೂ ಕೇಳುತ್ತಿದ್ದವು. ನನ್ನ ಮೊಮ್ಮಗಳು ತನ್ನ ತೊಟ್ಟಿಲು ಉರಿಸಿ ಕಾಯಿಸಿದ ನೀರಿನಲ್ಲಿ ಮೀಯುತ್ತಿದ್ದಳು!

ಫೋನಿಟ್ಟು ಬಚ್ಚಲ ಬಾಗಿಲಿಗೆ ಹೋಗಿ ಎಲ್ಲ ಹೇಳಿದೆ. ವಿಷಯ ಕೇಳಿ ಮಲ್ಲಿಕಾ, “ಖರೆ ಹೇಳಿ ಬಿಡ್ರಿ” ಅಂದಳು. ಮಗಳು ಅಳುವ ಹಾಗಾದಳು.

“ಅಪ್ಪಾ, ನಾ ಆ ಮನ್ಯಾಗ ಬಾಳೇವು ಮಾಡಬೇಕಪ್ಪಾ! ಸೊಸಿ ಅಪ್ಪ ಕೆರಿ ಕಳ್ಳ ಅಂತ ಓಣಿ ತುಂಬ ಅಂದ್ರ ನಾ ಮಾರಿ ಹೆಂಗ ತೋರಸ್ಲಿ?”

ನನ್ನ ಮಾನ ಹೋದರೆ ಹೋಗಲಿ, ಅದೇನು ದೊಡ್ಡ ಆಸ್ತಿಯಲ್ಲ. ಮಗಳ ಮುಖ ಬಾಡಬಾರದು. ಒಂದೇ ದಾರಿ ಉಳಿದಿತ್ತು. ಅದೇ ಜಾತಿಯ, ಅದೇ ಅಳತೆಯ ದಿಮ್ಮಿಗಳನ್ನು ತಂದು, ಅದೇ ಜಾಗದಲ್ಲಿ, ಅದೇ ಕಲ್ಲಿನ ಕೆಳಗೆ ಇಟ್ಟು ಬರುವುದು. ಅಳತೆ ನನಗೆ ಬಾಯಿಪಾಠ. ಜಾತಿ ಮಾತ್ರ ಪಕ್ಕಾ ಆಗಬೇಕಿತ್ತು.

ಉಳಿದ ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಯಂಕವ್ವ ಮೂಸಿ, “ಹುಣಸಿ ಬಿಡೋ ಯಣ್ಣಾ” ಅಂದಳು. ಹುಣಸೆಹಣ್ಣಿನ ವ್ಯಾಪಾರ ಮಾಡುವವಳಿಗೆ ಜಗತ್ತೇ ಹುಣಸೆ. ಅಂಗಡಿಯ ಪಕ್ಕದ ಕಟಿಂಗ್ ಶಾಪಿನ ಕೊಟ್ರೇಶ, ಗಿರಾಕಿಯ ಅರ್ಧ ಗಡ್ಡ ಅಲ್ಲಿಗೇ ಬಿಟ್ಟು, ಬ್ಲೇಡಿನಿಂದ ತುಂಡನ್ನು ಕೆರೆದು, “ಮತ್ತಿ! ನೂರಕ್ಕ ನೂರು ಮತ್ತಿ!” ಅಂದ. ನೊರೆ ಮೆತ್ತಿಕೊಂಡು ಕೂತಿದ್ದ ಗಿರಾಕಿ ಮಾವು ಅಂದ. ನಾನು ಮೊಬೈಲಿನಲ್ಲಿ ಫೋಟೊ ಹಿಡಿದು ಕೇಳಿದೆ. ‘ಎಲೆ ತೋರಿಸಿ’ ಎಂದಿತು ಮೊಬೈಲು. ಎಲೆ ಇದ್ದಿದ್ದರೆ ಇದನ್ನು ಯಾಕಪ್ಪಾ ಕೇಳುತ್ತಿದ್ದೆ!

ಕೊನೆಗೆ ಮನೆಯಲ್ಲೇ ಪರೀಕ್ಷೆ ನಡೆಸಿದೆ. ಕಚ್ಚಿ ನೋಡಿದೆ, ಕಹಿ! ಕೆರೆಯ ಕೆಸರಿನ ಕಹಿ ಎಂದು ಉಗುಳಿದೆ. ಹೊನ್ನೆಯ ತುಂಡು ನೀರಿಗೆ ಬಣ್ಣ ಬಿಡುತ್ತದೆ ಎಂದು ಎಲ್ಲೋ ಕೇಳಿದ್ದೆ. ಲೋಟದ ನೀರಿನಲ್ಲಿ ಮುಳುಗಿಸಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ನೀರು ಕೆಂಪಗಾಗಿತ್ತು.

“ಹೊನ್ನಿ! ನೋಡಿಲ್ಲೆ, ಹೊನ್ನಿ!” ಎಂದು ಕುಣಿದೆ.

ಮಲ್ಲಿಕಾ ಲೋಟವನ್ನು ಬೆಳಕಿಗೆ ಹಿಡಿದಳು. “ತಳಕ್ಕ ಕೆಮ್ಮಣ್ಣು ಕುಂತೈತ್ರಿ. ಕಹಿ ಐತಿ ಅಂತ ನೀವ ಅಂತೀರಿ, ಬೇವು ಅಂತ ನಾ ಅಂದ್ರ ಕೇಳವಲ್ರಿ. ಯಾಕ ಈ ಹಠಾ?”

“ಹಠಾ ಅಲ್ಲ, ವಿದ್ಯಾ!”

ನಯೀಮನ ಸಾಮಿಲ್ಲಿಗೆ ಹೋಗಿ ಹೊನ್ನೆಯ ಎರಡು ದಿಮ್ಮಿ ಕೊಂಡೆ. ಬೆಲೆ ಮಾತ್ರ ಕೇಳಬೇಡಿ, ಹೇಳಿದರೆ ಮತ್ತೊಮ್ಮೆ ಎದೆ ಹಿಡಿದುಕೊಳ್ಳುತ್ತದೆ.

“ಏನ್ ಮಾಡಸ್ತೀರಿ ಹುಲಗೇಶಣ್ಣ?”

“ಕೆರ್ಯಾಗ ಹಾಕ್ತೇನಿ.”

ನಯೀಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಬಿಸಲು ಭಾಳ ಐತ್ರಿ. ಮನಿಗೆ ಹೋಗಿ ಮಲಕೋರಿ,” ಅಂದ.

ಮರುದಿನ ನಸುಕಿನಲ್ಲಿ ಮೊಣಕಾಲ ಮಟ್ಟ ಕೆಸರಿನಲ್ಲಿ ನಿಂತು ದಿಮ್ಮಿಗಳಿಗೆ ಕೆಸರು ಮೆತ್ತಿ, ತೇಲಿ ಹೋಗದಂತೆ ಚೀಲದಲ್ಲಿದ್ದ ಬಟ್ಟೆಯ ಪಟ್ಟಿಯಿಂದ ಎರಡನ್ನೂ ಬಿಗಿದು, ಮೇಲೆ ಕಲ್ಲು ಹೇರಿ ಬಂದೆ. ಎರಡು ದಿನ ಬಿಟ್ಟು ಬೀಗರ ಫೋನು!

“ಬೀಗರ, ಕಟ್ಟಿಗಿ ಸಿಕ್ತ್ರಿ! ಕಳ್ಳಗ ದೇವ್ರು ಬುದ್ಧಿ ಕೊಟ್ಟಾನ.”

“ಒಳ್ಳೆ ಮನುಷ್ಯಾ ಇರಬೇಕು ಬಿಡ್ರಿ!” ಎಂದೆ.

ಹೆಸರಿಡುವ ದಿನ ಬಂತು. ಮಾಸೂರಿನಿಂದ ಟಂಟಂ ಗಾಡಿ ತುಂಬ ಬೀಗರು ಬಂದರು, ಅವರ ನಡುವೆ ತೊಟ್ಟಿಲು. ಕೆಂಬಣ್ಣದ ಹೊಳಪು, ನಾಲ್ಕೂ ಮೂಲೆಗೆ ಕೆತ್ತಿದ ಗಿಳಿಗಳು. ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಮಗಳ ಮುಖ ಅರಳಿತ್ತು. ಕೂಸನ್ನು ಅದರಲ್ಲಿ ಮಲಗಿಸಿ ಜೋಗುಳ ಹಾಡುವಾಗ ನನ್ನ ಕಣ್ಣು ಒದ್ದೆಯಾದವು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಹುಲಗೇಶನೇ ಅಲ್ಲ! ಎಲ್ಲರೆದುರು ತೊಟ್ಟಿಲಿನ ಮೇಲೆ ಬೆರಳಾಡಿಸಿ ಹೇಳಿದೆ.

“ಹೊನ್ನಿ! ಬೀಗರ, ಎಂಥಾ ಹೊನ್ನಿ ಬೆಳದೈತ್ರಿ ನಿಮ್ಮ ಹೊಲದಾಗ!”

ಉಡಚಪ್ಪನವರು ನನ್ನ ಹೆಗಲ ಮೇಲೆ ಕೈ ಹಾಕಿ ಪಡಸಾಲೆಯ ಮೂಲೆಗೆ ಕರೆದೊಯ್ದರು. ಮಲ್ಲಿಕಾ ಚಹಾ ಹಿಡಿದು ಅಲ್ಲಿಗೇ ಬಂದಳು. ಬೀಗರು ಜೇಬಿನಿಂದ ಕೆಸರಾಗಿದ್ದ ಒಂದು ನೀಲಿ ಗೆರೆಯ ಬಟ್ಟೆಪಟ್ಟಿ ತೆಗೆದು, ತಾವು ತೊಟ್ಟ ಅಂಗಿಗೆ ಹಚ್ಚಿ ಹಿಡಿದರು. ಅದೇ ನೀಲಿ, ಅದೇ ಗೆರೆ. ಆ ಅಂಗಿ ಹೊಲಿದವನು ನಾನೇ!

“ದಿಮ್ಮಿಗೆ ಕಟ್ಟಿತ್ರಿ ಇದು. ಹೋದ ವರ್ಷ ಅಂಗಿ ಹೊಲದು ಕೊಟ್ಟಾಗ, ಬಟ್ಟಿ ಒಂದು ಚೂರೂ ಉಳೀಲಿಲ್ರಿ ಬೀಗರ ಅಂದಿದ್ರಿ?”

ಭೂಮಿ ಬಾಯಿ ಬಿಡಲಿಲ್ಲ. ಮಲ್ಲಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದಳು. ಅಳುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು.

“ತಪ್ಪಾತ್ರಿ, ಬೀಗರ. ಬಿದ್ದ ಕಟ್ಟಿಗಿ ಅಂತ ತಿಳ್ಕೊಂಡೆ. ಒಲಿಗೆ ಹಾಕಿಬಿಟ್ಟೆ. ಮಗಳಿಗೆ ಮಾತ್ರ ಏನೂ ಅನಬ್ಯಾಡ್ರಿ,” ಎಂದು ಕೈ ಮುಗಿದೆ.

“ಅಯ್ಯ, ಆಕಿಗ್ಯಾಕ ಅಂತೇನ್ರಿ? ಆಕಿ ನಮ್ಮ ಮನಿ ಮಗಳು.” ಉಡಚಪ್ಪನವರು ನನ್ನ ಕೈ ಹಿಡಿದು ಇಳಿಸಿದರು. “ನಾ ಹಾಕಿದ್ದು ಬೇವು. ಬಂದದ್ದು ಹೊನ್ನಿ. ಬಡಿಗ್ಯಾ ಎರಡು ಸಲ ಕೇಳಿದ, ಇದು ನಿಮ್ದ ಹೌದಲ್ರಿ ಅಂತ.”

ನಾನು ಮಲ್ಲಿಕಾಳ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಬೀಗರು ಚಹಾದ ಕಪ್ಪು ಎತ್ತಿಕೊಂಡು, ಒಂದು ಗುಟುಕು ಹೀರಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಬೀಗರ, ನಮ್ಮ ಮನಿ ಮುಂಬಾಗಲಾ ಭಾಳ ಹಳೇದಾಗೈತಿ. ನಿನ್ನೆ ಮತ್ತ ನಾಕು ಬೇವಿನ ದಿಮ್ಮಿ ಕೆರ್ಯಾಗ ಹಾಕಿ ಬಂದೇನಿ. ಒಯ್ಯಾಕ ಯಾವಾಗ ಬರ್ತೀರಿ?”