ಸಕುಟುಂಬ ಸಪರಿವಾರ ವಾಕಿಂಗ್

ನನ್ನ ಗೆಳೆಯ ಡಾಕ್ಟರ್ ವರದರಾಜ ಹೋದ ತಿಂಗಳು ತೀರಿಕೊಂಡ. ಗುರುವಾರ ಬೆಳಗಿನ ಜಾವ, ನಿದ್ದೆಯಲ್ಲೇ, ಹೃದಯಾಘಾತ. ಸುದ್ದಿ ಬಂದಾಗ ನಾನು ಕಾಫಿ ಕೂಡ ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದೆ. ಅದೂ ಅವನದೇ ಅಪ್ಪಣೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನನ್ನ ಭೀಷಣ ಪ್ರತಿಜ್ಞೆಯ ಕಥೆ.

ವರದನ ಕ್ಲಿನಿಕ್ ಇದ್ದದ್ದು ಚಾಮರಾಜಪೇಟೆಯಲ್ಲಿ. ನನ್ನ ಲಗ್ನಪತ್ರಿಕೆ ಅಂಗಡಿ ಸುಲ್ತಾನ್‌ಪೇಟೆಯಲ್ಲಿ. ಇಬ್ಬರೂ ಒಂದೇ ಸ್ಕೂಲು, ಒಂದೇ ಬೆಂಚು; ಅವನ ಬಾಯಲ್ಲಿ ನಾನು ಕೊನೆವರೆಗೂ ಸೊಣ್ಣ. ಕ್ಲಿನಿಕ್ಕಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನಾ ಒಂದು ಗಂಟೆ ನಡೀರಿ, ಚಿಂತೆ ಬಿಡಿ. ಆದರೆ ಅವನು ಮಧ್ಯಾಹ್ನದ ಊಟ ಮಾಡುವ ಹೊತ್ತಿಗೆ ಉಳಿದವರು ಸಂಜೆಯ ಕಾಫಿ ಮುಗಿಸಿರುತ್ತಿದ್ದರು. ನಡಿಗೆ ಎಂದರೆ ಕುರ್ಚಿಯಿಂದ ರೋಗಿಯ ಮಂಚದವರೆಗೆ. ಚಿಂತೆ ಮಾತ್ರ ಬಿಟ್ಟಿದ್ದ; ಅದನ್ನು ಅವನ ಹೆಂಡತಿ ಮಾಧವಿಗೆ ಬಿಟ್ಟಿದ್ದ.

ಒಂದು ದಿನ ಮಾಧವಿ ನನ್ನ ಅಂಗಡಿಗೇ ಬಂದು ಊಟದ ಕ್ಯಾರಿಯರನ್ನು ಮೇಜಿನ ಮೇಲೆ ಇಟ್ಟಳು.

"ಎತ್ತಿ ನೋಡಿ ಅಣ್ಣ. ಹೋಗುವಾಗ ಎಷ್ಟು ಭಾರ ಇತ್ತೋ ಬರುವಾಗ್ಲೂ ಅಷ್ಟೇ. ಮೆಟ್ಟಿಲು ಹತ್ತಿದ್ರೆ ಏದುಸಿರು ಬೇರೆ. ಟೆಸ್ಟ್ ಮಾಡಿಸ್ಕೊಳ್ಳಿ ಅಂದ್ರೆ 'ನಾನೇ ಡಾಕ್ಟರ್ರು' ಅಂತಾರೆ."

"ಇದು ನನಗೆ ಬಿಡಮ್ಮ," ಎಂದೆ ಎದೆ ಉಬ್ಬಿಸಿ. "ಊರಿನ ಅರ್ಧ ಮದುವೆಗಳ ಮುಹೂರ್ತ ಅಚ್ಚು ಹಾಕಿದವನು ನಾನು. ನಿನ್ನ ಗಂಡನಿಗೊಂದು ಗಂಟೆ ಹೊಂದಿಸೋಕೆ ಆಗಲ್ವಾ?"

ಉಪಾಯ ಸರಳವಾಗಿತ್ತು. ದಿನಾ ಸಂಜೆ ಒಂದು ಗಂಟೆ ಕ್ಲಿನಿಕ್ ಮುಚ್ಚಿರುತ್ತದೆ, ಡಾಕ್ಟರು ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ ಎಂದು ಒಂದು ಪ್ರಕಟಣೆ. ಅವನನ್ನು ಕೇಳಿದರೆ ಬೇಡ ಎನ್ನುತ್ತಾನೆ. ಹಾಗಾಗಿ ಮೊದಲು ಅಚ್ಚು, ಆಮೇಲೆ ಒಪ್ಪಿಗೆ.

ನಮ್ಮ ಕಸುಬಿನಲ್ಲಿ ಯಾರೂ ಹೊಸ ಪತ್ರಿಕೆಯನ್ನು ಮೊದಲಿನಿಂದ ಬರೆಯುವುದಿಲ್ಲ. ಹಳೆಯ ಪತ್ರಿಕೆಯನ್ನೇ ತೆಗೆದು, ಹುಡುಗ ಹುಡುಗಿ ಹೆಸರು ಬದಲಿಸಿ, ಹೊಸ ಮುಹೂರ್ತ ಕೂರಿಸಿದರೆ ಆಯಿತು. ಕಂಪ್ಯೂಟರ್ ನೋಡಿಕೊಳ್ಳುವ ಶಶಿ ಅಂದು ರಜೆ. ನಾನೇ ಕೂತೆ. ವಧೂವರರನ್ನು ಅಳಿಸಿ ಡಾಕ್ಟರನ್ನು ಕೂರಿಸಿದೆ. ಕಲ್ಯಾಣ ಮಂಟಪ ಅಳಿಸಿ ಪಾರ್ಕು ಹಾಕಿದೆ. ಗೋಧೂಳಿ ಲಗ್ನದ ಸಮಯವನ್ನು ಹಾಗೇ ಉಳಿಸಿಕೊಂಡೆ, ವಾಕಿಂಗಿಗೂ ಅದೇ ಪ್ರಶಸ್ತ. ಯಾವುದೋ ಮದುವೆಯಲ್ಲಿ ಮಿಕ್ಕಿದ್ದ ಚಿನ್ನದ ಗಣಪತಿಯ ದಪ್ಪ ಕಾರ್ಡಿನ ಮೇಲೆ ಅಚ್ಚು ಹಾಕಿ, ಕ್ಲಿನಿಕ್ಕಿನ ಬಾಗಿಲಿಗೊಂದು ಅಂಟಿಸಿ, ರೋಗಿಗಳ ಕೈಗೂ ಒಂದೊಂದು ಕೊಟ್ಟು ಬಂದೆ.

ವರದ ಕಾರ್ಡು ನೋಡದೆಯೇ ಬೈದ. ಆದರೂ ಬೀಗ ಹಾಕಿ ನನ್ನ ಜೊತೆ ಹೊರಟ. ಕ್ಲಿನಿಕ್ ತೆರೆದ ಇಪ್ಪತ್ತೈದು ವರ್ಷದಲ್ಲಿ ಆ ಹೊತ್ತಿಗೆ ಅವನು ಸೂರ್ಯನ ಮುಖ ನೋಡಿದ್ದು ಅದೇ ಮೊದಲಿರಬೇಕು.

ಪಾರ್ಕಿನ ಗೇಟಿನಲ್ಲಿ ಜಾತ್ರೆ. ಕೆಮ್ಮಿನವರು, ಮಂಡಿನೋವಿನವರು, ಬಸುರಿಯರು, ಅವರ ಅತ್ತೆಯರು, ಅತ್ತೆಯರ ತಂಗಿಯರು. ಎಲ್ಲರ ಕೈಯಲ್ಲೂ ಚಿನ್ನದ ಗಣಪತಿ. ಮುಂದೆ ನಿಂತಿದ್ದವಳು ಮುನಿಯಕ್ಕ. ವರದನ ಅತಿ ಹಳೆಯ ರೋಗಿ, ರೇಷ್ಮೆ ಸೀರೆ ಉಟ್ಟು ಬಂದಿದ್ದಳು.

"ಏನಕ್ಕ, ಎಲ್ಲಾ ಇಲ್ಲಿ?" ಎಂದೆ.

"ನೀವೇ ಕರೆದ್ರಲ್ಲಪ್ಪ. ಮೊಮ್ಮಗಳು ಓದಿ ಹೇಳಿದ್ಲು. 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕು' ಅಂತ. ಅದಕ್ಕೇ ಸೊಸೇನೂ ಕರ್ಕೊಂಬಂದೆ, ಅವಳಿಗೆ ತುರಿಕೆ."

ಕಾರ್ಡು ಕಸಿದು ನೋಡಿದೆ. ಮೇಲಿನದೆಲ್ಲ ಬದಲಿಸಿದ್ದೆ. ಕೆಳಗಿನ ಸಾಲುಗಳು ಮದುವೆಯವೇ ಉಳಿದಿದ್ದವು. ಅದರ ಕೆಳಗೆ ಇನ್ನೂ ಒಂದು: 'ಆಶೀರ್ವಾದವೇ ಉಡುಗೊರೆ.'

"ಫೀಸು ಬೇಡ ಅಂತಾನೂ ಹಾಕ್ಸಿದೀರ. ದೊಡ್ಡ ಮನಸು," ಎಂದಳು ಮುನಿಯಕ್ಕ. ಕಾರ್ಡು ನೋಡಲು ಬಗ್ಗಿದ ವರದನ ತಲೆಯ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳಪ್ಪ," ಎಂದಳು. ಆ ಕೈ ಈಗಲೂ ಕಣ್ಣ ಮುಂದಿದೆ.

ವರದ ಕಲ್ಲುಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, "ಎಲ್ಲಿ, ನಾಲಿಗೆ ಚಾಚಿ," ಎಂದ.

ಅಂದಿನಿಂದ ವಾಕಿಂಗ್ ಎಂದರೆ ಅವನು ಒಂದು ಬೆಂಚಿನಿಂದ ಮುಂದಿನ ಬೆಂಚಿಗೆ ಹೋಗುವುದು. ಒಂದು ಬೆಂಚಿನಲ್ಲಿ ನೆಗಡಿ, ಮತ್ತೊಂದರಲ್ಲಿ ಬೆನ್ನುನೋವು. ಅವನಿಗೆಂದು ನಾನು ಗೆದ್ದುಕೊಟ್ಟ ಒಂದು ಗಂಟೆಯಲ್ಲಿ ಅವನಿಗೆ ಇನ್ನೊಂದು ಕ್ಲಿನಿಕ್ ಸಿಕ್ಕಿತು, ಅದೂ ಫೀಸಿಲ್ಲದ್ದು. ಮಾಧವಿ ಫೋನು ಮಾಡಿ, "ಅಣ್ಣ, ಇನ್ನು ನೀವು ಅವರಿಗೆ ಸಹಾಯ ಮಾಡೋದು ನಿಲ್ಲಿಸಿ," ಎಂದಳು.

ನಾನು ನಿಲ್ಲಿಸಲಿಲ್ಲ. ಪಕ್ಕದಲ್ಲೇ ನಡೆಯುತ್ತ ದಿನಾ ಅವನನ್ನು ಒಂದೇ ಮಾತು ಕೇಳುತ್ತಿದ್ದೆ.

"ಹೃದಯದ ಟೆಸ್ಟು ಯಾವಾಗ ಮಾಡಿಸ್ತೀಯ?"

"ಅಲ್ಲಿ ಕಾಯಬೇಕಲ್ಲೋ ಸೊಣ್ಣ. ಕಾಯೋರ ಸಾಲಲ್ಲಿ ನಾನು ಕೂತ್ರೆ, ಪಕ್ಕದವರು ನನಗೇ ನಾಲಿಗೆ ತೋರಿಸ್ತಾರೆ."

ಆ ಗುರುವಾರದ ಹಿಂದಿನ ದಿನ, ಬುಧವಾರ ಸಂಜೆ ಸಣ್ಣಗೆ ಹನಿಯುತ್ತಿತ್ತು. ಪಾರ್ಕಿಗೆ ಒಬ್ಬರೂ ಬಂದಿರಲಿಲ್ಲ. ಒದ್ದೆ ಬೆಂಚಿನ ಮೇಲೆ ಹಾಸಲು ಚೀಲದಲ್ಲಿದ್ದ ಕಾರ್ಡುಗಳನ್ನು ತೆಗೆದೆ.

"ಗಣಪತಿ ಮೇಲೆ ಕೂರಿಸ್ತೀಯೇನೋ, ತೆಗಿ," ಎಂದು ಗದರಿ ಕರ್ಚೀಫು ಹಾಸಿದ. ಕೂತ. ಅವನು ಸುಮ್ಮನೆ ಕೂತದ್ದನ್ನು ಸ್ಕೂಲು ಬಿಟ್ಟಮೇಲೆ ನಾನು ನೋಡಿರಲಿಲ್ಲ.

"ಚೆನ್ನಾಗಿದೆ ಕಣೋ ಇದು," ಎಂದ. "ಶನಿವಾರ ಟೆಸ್ಟಿಗೆ ಹೋಗ್ತೀನಿ ಆಯ್ತಾ? ಜಯನಗರದಲ್ಲಿ ನನ್ನ ಜೂನಿಯರ್ ಒಬ್ಬಳಿದಾಳೆ, ಹೇಳಿದೀನಿ."

"ಶನಿವಾರದವರೆಗೆ ಯಾಕೆ? ನಾಳೇನೇ ಹೋಗು."

"ಅಷ್ಟು ಅವಸರ ಇದ್ರೆ ನೀನೇ ನೋಡಪ್ಪ ಡಾಕ್ಟ್ರೆ," ಎಂದು ಮಣಿಕಟ್ಟು ಚಾಚಿದ.

ನಾನು ಗಂಭೀರವಾಗಿ ಹೆಬ್ಬೆರಳು ಒತ್ತಿ ವಾಚು ನೋಡಿದೆ. "ಸ್ವಲ್ಪ ಜಾಸ್ತೀನೇ ಓಡ್ತಿದೆ," ಎಂದೆ.

"ಹೆಬ್ಬೆರಳಲ್ಲಿ ನೋಡಬಾರದು. ಅದಕ್ಕೆ ಅದರದೇ ನಾಡಿ ಇರುತ್ತೆ. ನೀನು ಎಣಿಸ್ತಿರೋದು ನಿಂದೇ."

"ಅಂದ್ರೆ?"

"ಅಂದ್ರೆ ಜಾಸ್ತಿ ಓಡ್ತಿರೋದು ನಿಂದು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಾ. ಕಾಫಿ ಕುಡಿದು ಬಂದ್ರೆ ವಾಪಸ್ ಕಳಿಸ್ತೀನಿ."

ಅವನನ್ನು ರೋಗಿಯಾಗಿಸಲು ಹೊರಟು ಕೊನೆಗೆ ರೋಗಿಯಾದವನು ನಾನು.

ಆಮೇಲೆ ಅವನು ಮನೆಗೆ ಹೋಗಿ ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಲಗಿದನಂತೆ. ಅಂದು ಮಧ್ಯಾಹ್ನದ ಕ್ಯಾರಿಯರೂ ಖಾಲಿಯಾಗಿ ಬಂದಿತ್ತಂತೆ. ಅದೆಲ್ಲ ಮಾಧವಿ ಹೇಳಿದ್ದು, ನಾನು ಕಂಡದ್ದಲ್ಲ. ನಾನು ಕಂಡಂತೆ ಅವನು ಮಾಡಿದ ಕೊನೆಯ ಕೆಲಸವೆಂದರೆ, ಆ ಹನಿ ಮಳೆಯಲ್ಲಿ, ನನ್ನ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿ, ಎರಡು ಬೆರಳುಗಳನ್ನು ತಾನೇ ಹಿಡಿದು, ತನ್ನ ನಾಡಿ ಸಿಗುವ ಜಾಗದಲ್ಲಿ ಇಟ್ಟದ್ದು.