ಅಪ್ಪ ನನ್ನನ್ನು ಕೆಲಸಕ್ಕೆ ಒಪ್ಪಿಸಿದ್ದು

ಮನೆಯಲ್ಲಿ ಮೊದಲು ಓದಿದವನ ಕಷ್ಟ ಏನೆಂದರೆ, ಅವನು ತಪ್ಪುಗಳನ್ನೂ ಹೊಸದಾಗಿಯೇ ಮಾಡಬೇಕು. ಅಣ್ಣನೋ ಚಿಕ್ಕಪ್ಪನೋ ಮೊದಲೇ ಬಿದ್ದು ಎದ್ದ ಹಳ್ಳವಾದರೆ ಪಕ್ಕದಲ್ಲಿ ನಡೆದು ದಾಟಬಹುದು. ನನಗೆ ಆ ಅನುಕೂಲ ಇರಲಿಲ್ಲ. ಕಾಮಸಮುದ್ರದ ಹತ್ತಿರದ ನಮ್ಮೂರಿನಲ್ಲಿ, ನಮ್ಮ ವಂಶಕ್ಕೇ ಮೊದಲ ಪದವಿ ತಂದವನು ನಾನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಹೆಮ್ಮೆಪಡಲು ಆಮೇಲೆ ಬೇರೇನೂ ಸಿಗಲಿಲ್ಲ ಎನ್ನುವುದು ಬೇರೆ ಮಾತು.

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡದ್ದಕ್ಕೆ ಕಾರಣ ಇಷ್ಟೆ: ಇಂಗ್ಲಿಷ್ ಮೇಷ್ಟರಿಗೆ ಎಲ್ಲಿ ಹೋದರೂ ಕೆಲಸವಿದೆ ಎಂದು ಬಂಗಾರಪೇಟೆ ಬಸ್ಸಿನಲ್ಲಿ ಯಾರೋ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನನಗೆ ಸಿಕ್ಕ ವೃತ್ತಿ ಮಾರ್ಗದರ್ಶನ ಪೂರ್ತಿ ಅದೇ. ಮೂರು ವರ್ಷ ದುರಂತ ನಾಟಕದ ಲಕ್ಷಣಗಳನ್ನು ಬಾಯಿಪಾಠ ಮಾಡಿದೆ. ದುರಂತ ನಾಯಕ ದೊಡ್ಡ ಮನೆತನದವನಾಗಿರಬೇಕು ಎಂದು ನೋಟ್ಸಿನಲ್ಲಿತ್ತು. ಹಾಗಾದರೆ ನನಗೇನೂ ಆಗುವುದಿಲ್ಲ ಎಂದು ಧೈರ್ಯವಾಗಿದ್ದೆ. ಇಂಗ್ಲಿಷಿನಲ್ಲಿ ಹತ್ತು ಪುಟ ಬರೆಯಬಲ್ಲವನಾದೆ. ಬಾಯಿ ಬಿಟ್ಟು ಹತ್ತು ಮಾತು ಆಡಿದವನಲ್ಲ. ಯಾರ ಜೊತೆ ಆಡಲಿ? ಮನೆಯಲ್ಲಿದ್ದವರು ಅಪ್ಪ, ಅಮ್ಮ, ಎರಡು ಸೀಮೆಹಸು.

ಅಪ್ಪ ಇಟ್ಟಿಗೆ ಗೂಡಿನಲ್ಲಿ ಲಾರಿಗೆ ಇಟ್ಟಿಗೆ ಹೊರುತ್ತಿದ್ದ. ನಾನು ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಂಡಿತು. ಬೆಳಿಗ್ಗೆ ಎದ್ದು ನಿಲ್ಲಬೇಕಾದರೆ ಗೋಡೆ ಬೇಕು. "ನಿಂದೊಂದು ದಾರಿ ಆಗ್ಲಿ ಕಣ್ಲಾ, ಆಮೇಲೆ ಗೂಡಿನ ಕಡೆ ತಲೇನೂ ಆಕಲ್ಲ" ಎನ್ನುತ್ತಿದ್ದ. ಅಲ್ಲಿಂದ ನನ್ನ ಯೋಜನೆ ಸಿದ್ಧವಾಯಿತು. ಪರೀಕ್ಷೆ ಮುಗಿದ ಕೂಡಲೇ ಯಾವುದಾದರೂ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಾಗುವುದು, ಅಪ್ಪನನ್ನು ಗೂಡಿನಿಂದ ಬಿಡಿಸುವುದು, ಆಮೇಲೆ ಬಿ.ಎಡ್. ಹಾಳೆಯ ಮೇಲೆ ಬರೆದು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷಿಗೆ ಜನ ಬೇಕಂತೆ ಎಂದು ತಿಳಿದು ಅರ್ಜಿ ಹಾಕಿದೆ. ಬರಲು ಹೇಳಿದರು. ಹಿಂದಿನ ಸಂಜೆ ಅಪ್ಪ ತನ್ನ ಬಿಳಿ ಅಂಗಿ ಒಗೆದು ಹಾಕಿದ.

"ನೀನ್ಯಾಕಪ್ಪಾ? ಇಂಟರ್‌ವ್ಯೂಗೆ ಯಾರೂ ಅಪ್ಪನ್ನ ಕರ್ಕೊಂಡು ಓಗಲ್ಲ" ಎಂದೆ.

"ಅಪ್ಪ ಇಲ್ದೋರು ಕರ್ಕೊಂಡು ಓಗಲ್ಲ. ನಿಂಗೇನ್ಲಾ ಬಂದೈತೆ?"

ನಮ್ಮಲ್ಲಿ ಕೆಲಸಕ್ಕೆ ಒಬ್ಬನೇ ಹೋಗಿ ಸೇರುವ ಪದ್ಧತಿಯಿಲ್ಲ. ಹಿರಿಯರೊಬ್ಬರು ಜೊತೆಗೆ ಹೋಗಿ ಒಪ್ಪಿಸಿ ಬರಬೇಕು. ಅಮ್ಮ ಮೊದಲ ಸಲ ಟೊಮೇಟೊ ಬಿಡಿಸಲು ಹೋದಾಗ ಅಜ್ಜಿ ಹೋಗಿ ಮೇಸ್ತ್ರಿಗೆ ಒಪ್ಪಿಸಿದ್ದಳು. ಅಪ್ಪನನ್ನು ಗೂಡಿಗೆ ತಾತ ಒಪ್ಪಿಸಿದ್ದ. ಒಪ್ಪಿಸುವಾಗ ಒಂದು ಒಳ್ಳೆಯ ಮಾತು ಹೇಳಬೇಕು: ಎದುರು ಮಾತಾಡಲ್ಲ, ದೊಡ್ಡಸ್ತಿಕೆ ಇಲ್ಲ, ಹೀಗೆ. ಆ ಮಾತಿನ ಮೇಲೆಯೇ ನಮ್ಮ ಮನೆಯವರೆಲ್ಲ ಇದುವರೆಗೆ ದುಡಿದು ಬಂದಿದ್ದು.

ಶಾಲೆಯ ಗೇಟಿನಲ್ಲಿ ಸೆಲ್ವರಾಜ್ ಎಂಬ ವಾಚ್‌ಮನ್ ಇದ್ದರು. ಅಲ್ಲೇ ಹತ್ತಿರದ ಕೋರಮಂಡಲ್‌ನವರು, ಚಿನ್ನದ ಗಣಿ ಮುಚ್ಚುವ ತನಕ ಗಣಿಯಲ್ಲಿದ್ದವರು. ಅವರಪ್ಪ ಗಣಿಯ ಬ್ರಿಟಿಷ್ ದೊರೆಗಳ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರಂತೆ. ಯಾರನ್ನು ನೋಡಬೇಕು, ಎಷ್ಟು ಗಂಟೆಗೆ ಹೇಳಿದ್ದಾರೆ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ ಎಂದು ಇಷ್ಟನ್ನೂ ಅವರು ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷಿನಲ್ಲೇ ಕೇಳಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟು ಒಳಗೆ ಓಡಿದೆ.

ಹೆಡ್‌ಮಿಸ್ ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಎಂದರು. ಹೆಸರು ಹೇಳಿದೆ. ಊರು ಹೇಳಿದೆ. ಅಲ್ಲಿಗೆ ನನ್ನ ಇಂಗ್ಲಿಷ್ ನಿಂತಿತು. ದುರಂತ ನಾಟಕದ ಬಗ್ಗೆ ಕೇಳಿದ್ದರೆ ಬರೆದಾದರೂ ಕೊಡುತ್ತಿದ್ದೆ. ಆಕೆ ಒಳ್ಳೆಯವರು. ವರಾಂಡದಲ್ಲಿ ಗೋಡೆ ಹಿಡಿದು ನಿಂತಿದ್ದ ಅಪ್ಪನನ್ನು ನೋಡಿ ಒಳಗೆ ಕರೆದು ಕೂರಿಸಿದರು. ನನ್ನ ಗಾಬರಿ ಇಳಿಯಲಿ ಎಂದೋ ಏನೋ, "ನಿಮ್ಮ ಮಗ ಮನೇಲಿ ಇಂಗ್ಲಿಷ್ ಮಾತಾಡ್ತಾರಾ?" ಎಂದು ಅವನನ್ನೇ ಕೇಳಿದರು.

ಅಪ್ಪನಿಗೆ ಇದು ತಾನು ಕಾದಿದ್ದ ಸಮಯ ಅನ್ನಿಸಿರಬೇಕು. ಎದ್ದು ನಿಂತು ಕೈ ಮುಗಿದ.

"ಎಂಥ ಮಾತು ಮೇಡಮ್ನೋರೆ. ಮೂರು ವರ್ಸದಾಗೆ ನಮ್ಮ ಮುಂದೆ ಒಂದೇ ಒಂದು ಇಂಗ್ಲೀಷ್ ಮಾತು ಆಡಿಲ್ಲ. ಅಂಥ ಗರ್ವ ನಮ್ಮುಡುಗನ್ಗಿಲ್ಲ. ಬೇಕಾದ್ರೆ ಊರಾಗೆ ಯಾರನ್ನಾದ್ರೂ ಕೇಳಿ."

ಹೆಡ್‌ಮಿಸ್ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. "ನೋಡಿ, ಈ ಊರಲ್ಲಿ ಇಂಗ್ಲಿಷ್‌ಗೆ ಜನ ಸಿಕ್ತಾರೆ. ನಮ್ ಮಕ್ಕಳು ಮನೇಲೆಲ್ಲಾ ತಮಿಳು. ಕನ್ನಡಕ್ಕೇ ಯಾರೂ ಸಿಕ್ಕಲ್ಲ. ಐದನೇ ಕ್ಲಾಸ್ ತನಕ ಕನ್ನಡ ತಗೋತೀರಾ?"

ನಾನು ಇನ್ನೂ ಯೋಚಿಸುತ್ತಿದ್ದೆ. "ತಗೋತಾನೆ ಮೇಡಮ್ನೋರೆ," ಎಂದ ಅಪ್ಪ. "ಎದುರು ಮಾತಾಡಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ, "ನಾನು ಬರ್ದೇ ಇದ್ದಿದ್ರೆ ಏನಾಗ್ತಿತ್ತು ನೋಡ್ಲಾ" ಎಂದ. ನಾನು ಕಿಟಕಿಯ ಕಡೆ ತಿರುಗಿದೆ.

ಹೀಗೆ ಇಂಗ್ಲಿಷ್ ಪದವೀಧರನಾದ ನಾನು ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಿದ್ದೇನೆ. ಬಿ.ಎಡ್. ಇನ್ನೂ ಹಾಳೆಯ ಮೇಲೇ ಇದೆ. ನನ್ನ ಸಂಬಳಕ್ಕೆ ಅಪ್ಪನನ್ನು ಗೂಡಿನಿಂದ ಪೂರ್ತಿ ಬಿಡಿಸಲು ಆಗಲಿಲ್ಲ. ವಾರಕ್ಕೆ ಆರು ದಿನ ಹೋಗುತ್ತಿದ್ದವನು ಈಗ ನಾಲ್ಕು ದಿನ ಹೋಗುತ್ತಾನೆ. ಊರಿನಲ್ಲಿ ಮಾತ್ರ ನನ್ನನ್ನು ಇಂಗ್ಲಿಷ್ ಮೇಷ್ಟ್ರು ಎಂದೇ ಹೇಳಿಕೊಂಡು ಬರುತ್ತಾನೆ. ನಾನು ತಿದ್ದಲು ಹೋಗಿಲ್ಲ.

ಮೊನ್ನೆ ನಮ್ಮ ಬೀದಿಯ ಪಲ್ಲವಿ ಬಂದಿದ್ದಳು. ಅವಳದೂ ಇಂಗ್ಲಿಷ್, ಕೊನೆಯ ವರ್ಷ. ಮುಂದೆ ಏನು ಮಾಡಲಿ ಎಂದು ಕೇಳಲು ಬಂದವಳಿಗೆ ನಾನು ಸುಮಾರು ಹೊತ್ತು ಉಪದೇಶ ಮಾಡಿದೆ. ಕನ್ನಡಿ ಮುಂದೆ ನಿಂತು ಮಾತಾಡು, ಹೆದರಬೇಡ, ಯೋಜನೆ ಇರಬೇಕು, ಮುಖ್ಯವಾಗಿ ಇಂಟರ್‌ವ್ಯೂಗೆ ಮನೆಯವರನ್ನು ಕರೆದುಕೊಂಡು ಹೋಗಬೇಡ ಎಂದೆ. ಅವಳು ಎಲ್ಲವನ್ನೂ ಬರೆದುಕೊಂಡಳು.

"ಸರಿ ಅಣ್ಣ. ನೀವು ಆಮೇಲೆ ಒಬ್ಬರೇ ಎಲ್ಲಾದ್ರೂ ಓಗಿದ್ರಾ?"

"ಮೂರು ಕಡೆ ಹೋಗಿದ್ದೆ."

"ಸಿಕ್ತಾ?"

ನಾನು, ನಿನ್ನ ಇಂಟರ್‌ವ್ಯೂ ಇದ್ದರೆ ಗುರುವಾರವೋ ಶುಕ್ರವಾರವೋ ಇಟ್ಟುಕೋ, ಆ ಎರಡು ದಿನ ಅಪ್ಪನಿಗೆ ಗೂಡು ಇರುವುದಿಲ್ಲ, ಜೊತೆಗೆ ಕಳಿಸುತ್ತೇನೆ ಎಂದೆ.